‘ಫ್ಯಾನ್ ವಿಮಾನ’ ಅಂತ ಮೂಗು ಮುರಿಯಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಎಟಿಆರ್ (ರೆಕ್ಕೆಯಲ್ಲಿ ಫ್ಯಾನ್‌ನಂಥ ಪ್ರೊಪೆಲರ್ ಇರುವ ಸಣ್ಣ ವಿಮಾನ) ಹತ್ತುವಾಗ ‘ಅಯ್ಯೋ, ಫ್ಯಾನ್ ವಿಮಾನನಾ?’ ಎನ್ನುವವರೇ ಜಾಸ್ತಿ. ಆ ಫ್ಯಾನ್ ತಿರುಗಿಸುವುದೂ ಜೆಟ್ ಜಾತಿಯ ಎಂಜಿನ್ನೇ ಸ್ವಾಮಿ. ಹತ್ತಿರದ ಊರುಗಳಿಗೆ ಇದರಲ್ಲಿ ಇಂಧನ ಕಡಿಮೆ ಸಾಕು, ರನ್‌ವೇ ಉದ್ದ ಇರಬೇಕೆಂದೂ ಇಲ್ಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ವಿಮಾನ ಕಂಪನಿ ಶುರು ಮಾಡಿದ್ದೂ ಎಟಿಆರ್‌ಗಳಿಂದಲೇ.

ಸದ್ದು, ಕುಲುಕಾಟ ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ. ಆದರೆ ರೆಕ್ಕೆ ಕಿಟಕಿಗಿಂತ ಮೇಲಿದೆ. ಕೆರೆ, ತೋಟ ಎಲ್ಲ ಕಣ್ತುಂಬ ಕಾಣುತ್ತವೆ. ಸರಿಯಾದ ಸೀಟು ಸಿಕ್ಕರೆ, ಇಳಿಯುವಾಗ ಚಕ್ರ ನೆಲ ಮುಟ್ಟಿ ಹೊಗೆ ಎಬ್ಬಿಸುವುದನ್ನೂ ನೋಡಬಹುದು. ರೆಕ್ಕೆ ಕಿಟಕಿಗಿಂತ ಕೆಳಗಿರುವ ಏರ್‌ಬಸ್ ಎ320 ಜೆಟ್‌ನಲ್ಲಿ ಈ ಭಾಗ್ಯ ಎಲ್ಲಿದೆ?

ಕಂಪನಿಗಳಿಗೆ ಒಂದೇ ಕೋರಿಕೆ. ಕಿಟಕಿ ಸೀಟಿಗೆ ಹೆಚ್ಚು ದುಡ್ಡು ತಗೊಳ್ಳುವಾಗ, ಹೊರಗೆ ಕಾಣುವುದು ಊರೋ ಬರೀ ಎಂಜಿನ್ನೋ ಅಂತ ಮೊದಲೇ ಹೇಳಿ.

– ವಿಮಾನ ಹುಚ್ಚಿನ ಓದುಗ, ಶಿವಮೊಗ್ಗ