ಮೊದಲು ಪಂಜರ ತಾ, ಗಿಳಿ ಆಮೇಲೆ

ಗೆಳೆಯಾ,

ಗಿಳಿ ಸಾಕಬೇಕು ಅಂತ ಹೊರಟಿದ್ದೀಯ ಎಂದು ಓದಿ ಖುಷಿಯಾಯಿತು, ಜೊತೆಗೆ ಸಣ್ಣಗೆ ದಿಗಿಲೂ ಆಯಿತು. "ಚೆನ್ನಾಗಿ ಮಾತಾಡೋ ಗಿಳಿ ಯಾವುದು ಹೇಳು, ಈ ಭಾನುವಾರವೇ ತಂದುಬಿಡ್ತೀನಿ" ಅಂತ ಬರೆದಿದ್ದೀಯಲ್ಲ, ದಿಗಿಲಾಗಿದ್ದು ಆ ಭಾನುವಾರಕ್ಕೆ. ನಾನು ಗುಂಡನನ್ನು ತಂದಿದ್ದೂ ಒಂದು ಭಾನುವಾರವೇ. ಗುಂಡ ಅಂದರೆ ನಮ್ಮ ಕಾಕಟೀಲ್ ಜಾತಿಯ ಗಿಳಿ; ತಲೆ ಮೇಲೆ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು. ಬೆಳಿಗ್ಗೆ ನೋಡಿದೆ, ಸಂಜೆಗೆ ಮನೆಯಲ್ಲಿದ್ದ. ಗುಂಡನಿಗೊಂದು ಗುಂಡು ಪಂಜರ, ಒಂದು ಪೊಟ್ಟಣ ಕಾಳು. ನನ್ನ ಸಿದ್ಧತೆ ಅಂದರೆ ಅಷ್ಟೇ.

ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಪಂಜರದೊಳಗೆ ಪಟಪಟ ಬಡಿದಾಟ. ದೀಪ ಹಾಕಿ ನೋಡಿದರೆ ಗುಂಡ ತಳದಲ್ಲಿ ರೆಕ್ಕೆ ಹರಡಿಕೊಂಡು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದಾನೆ, ಹಾಸಿದ್ದ ಕಾಗದದ ತುಂಬ ರಕ್ತದ ಹನಿ. ಬೆಳೆಯುತ್ತಿದ್ದ ಎಳೆ ಗರಿಯೊಂದು ಕಂಬಿಗೆ ಸಿಕ್ಕಿ ಮುರಿದಿತ್ತು. ಎಳೆ ಗರಿಯ ಬುಡದಲ್ಲಿ ರಕ್ತ ಓಡಾಡುತ್ತಿರುತ್ತೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಬೆಳಗಾಗುವವರೆಗೆ ಹಕ್ಕಿ ನೋಡುವ ಡಾಕ್ಟರ್ ಯಾರಿದ್ದಾರೆ ಅಂತ ಹುಡುಕುತ್ತ ಕೂತೆ. ನಾಯಿ ಬೆಕ್ಕು ನೋಡುವವರೆಲ್ಲ ಹಕ್ಕಿ ನೋಡುವುದಿಲ್ಲ ಕಣೋ. ಕಾಕಟೀಲ್‌ಗಳು ಕತ್ತಲಲ್ಲಿ ಒಂದು ನೆರಳು ಅಲ್ಲಾಡಿದರೂ ಬೆಚ್ಚಿ ಹಾರಿಬಿಡುತ್ತವೆ. ಮಂದ ದೀಪ ಒಂದು ಉರಿಯುತ್ತಿದ್ದರೆ ಬಹುಶಃ ಅದೇನೂ ಆಗುತ್ತಿರಲಿಲ್ಲ.

ಅದಕ್ಕೇ ನನ್ನದೊಂದು ಹಟ. ಮೊದಲು ಪಂಜರ ತಾ, ಗಿಳಿ ಬೇಡ. ಒಂದು ತಿಂಗಳು ಖಾಲಿ ಪಂಜರದ ಜೊತೆ ಬದುಕು. ನಗಬೇಡ. ದಿನಾ ಬೆಳಿಗ್ಗೆ ತಳದ ಕಾಗದ ಬದಲಿಸು, ನೀರಿನ ಬಟ್ಟಲು ತಿಕ್ಕಿ ತೊಳಿ, ಸೊಪ್ಪು ಹೆಚ್ಚು. ಸಂಜೆ ಒಂದೆರಡು ಗಂಟೆ ಅದೇ ಕೋಣೆಯಲ್ಲಿ ಕೂರು. ಗಿಳಿಗೆ 10-12 ಗಂಟೆ ನಿದ್ದೆ ಬೇಕು. ಆದ್ದರಿಂದ ಹೊತ್ತು ಮುಳುಗಿದ ಮೇಲೆ ಆ ಕೋಣೆಯ ಟಿವಿ ಬಂದ್. ಹತ್ತನೇ ದಿನಕ್ಕೇ ಬೇಜಾರು ಬಂತೋ, ಪಂಜರ ಯಾರಿಗಾದರೂ ಕೊಟ್ಟುಬಿಡು, ನನಗೊಂದು ಮಾತೂ ಹೇಳಬೇಡ. ಬರಲಿಲ್ಲವೋ, ಮುಂದೆ ಓದು.

ಪಂಜರ ಎತ್ತರಕ್ಕಿಂತ ಅಗಲ ಇರಲಿ. ಗಿಳಿ ಹೆಲಿಕಾಪ್ಟರ್ ಥರ ಮೇಲಕ್ಕೇಳುವುದಿಲ್ಲ, ಅಡ್ಡಡ್ಡ ಹಾರುತ್ತೆ. ಗುಂಡು ಪಂಜರದಲ್ಲಿ ಹೆದರಿದಾಗ ಹೋಗಿ ಅವಿತುಕೊಳ್ಳಲು ಮೂಲೆಯೇ ಇರುವುದಿಲ್ಲ. ಕಂಬಿಗಳ ನಡುವೆ ತಲೆ ತೂರಬಾರದು. ಬಜರಿಗರ್‌ನಂಥ ಪುಟಾಣಿಗೆ 1.2 ಸೆಂಟಿಮೀಟರಿನ ಒಳಗಿರಬೇಕು. (ನಾವೆಲ್ಲ ಲವ್ ಬರ್ಡ್ಸ್ ಅಂತ ಕರೆಯೋದು ಬಹಳ ಸಲ ಈ ಆಸ್ಟ್ರೇಲಿಯಾದ ಬಜರಿಗರ್‌ಗಳನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಜಾತಿಯೇ ಬೇರೆ.) ಅಂಗಡಿಯವರು ಪಂಜರದ ಜೊತೆ ಕೊಡುವ ನುಣುಪಾದ, ಒಂದೇ ದಪ್ಪದ ಕೋಲುಗಳನ್ನು ತೆಗೆದುಹಾಕು. ಗಿಳಿಯ ಕಾಲಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಇಡೀ ಆಯುಷ್ಯ ಆ ಪಾದದ ಮೇಲೇ ನಿಂತಿರಬೇಕು. ಒಂದೇ ದಪ್ಪದ ಕೋಲಾದರೆ ಒಂದೇ ಜಾಗ ಒತ್ತಿ ಒತ್ತಿ ಹುಣ್ಣಾಗುತ್ತೆ. ತೊಗಟೆ ಸಮೇತ ಇರುವ, ಅಂಕುಡೊಂಕಾದ, ಔಷಧ ಸಿಂಪಡಿಸದ ಕೊಂಬೆಗಳನ್ನು ತೊಳೆದು ಒಣಗಿಸಿ ಸಿಕ್ಕಿಸು. ತೊಗಟೆ ಸುಲಿಯುವುದೇ ಅದಕ್ಕೊಂದು ಆಟ.

ಪಂಜರಕ್ಕಿಂತ ನನಗೆ ಹೆಚ್ಚು ಚಿಂತೆ ನಿನ್ನ ಅಡುಗೆಮನೆಯದು. ನಿನ್ನ ಪ್ರೀತಿಯ ನಾನ್‌ಸ್ಟಿಕ್ ಬಾಣಲೆ ಇದೆಯಲ್ಲ, ಒಲೆ ಮೇಲಿಟ್ಟು ಮರೆತು ಹೊಗೆ ಎಬ್ಬಿಸಿ ಆಮೇಲೆ ಓಡುವೆಯಲ್ಲ, ಅದು. ಆ ಲೇಪ ಅತಿಯಾಗಿ ಕಾದಾಗ ಹೊರಡುವ ಅನಿಲಕ್ಕೆ ನಿನಗೆ ಹೆಚ್ಚೆಂದರೆ ಜ್ವರ ಬಂದ ಹಾಗಾದೀತು. ಪಕ್ಕದ ಕೋಣೆಯ ಗಿಳಿ ನಿಮಿಷಗಳಲ್ಲಿ ಸತ್ತೇ ಹೋಗಬಹುದು. ಹಕ್ಕಿಯ ಉಸಿರಾಟ ನಮ್ಮ ಥರ ಅಲ್ಲ. ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ, ಗಾಳಿ ಒಂದೇ ದಿಕ್ಕಿಗೆ ಹರಿಯುತ್ತಾ ಒಳಗೆಳೆದಾಗಲೂ ಬಿಟ್ಟಾಗಲೂ ಆಮ್ಲಜನಕ ಹೀರುತ್ತಲೇ ಇರುತ್ತೆ. ಹಾರಲು ಆ ಸವಲತ್ತು ಬೇಕು. ಆದರೆ ಗಾಳಿಯಲ್ಲಿ ವಿಷ ಇದ್ದರೆ ಅದನ್ನೂ ಅಷ್ಟೇ ಚುರುಕಾಗಿ ಹೀರುತ್ತೆ. ಸ್ಪ್ರೇ, ಸುಗಂಧದ ಮೇಣದಬತ್ತಿ, ಸಿಗರೇಟು ಎಲ್ಲಕ್ಕೂ ಇದೇ ಮಾತು. ಸಿಗರೇಟಿನ ವಿಷಯದಲ್ಲಿ ನಿನ್ನ ಹೆಂಡತಿ ಹೇಳಿ ಸೋತಿದ್ದನ್ನು ಗಿಳಿಯಾದರೂ ಸಾಧಿಸಲಿ.

ಇನ್ನು ಯಾವ ಗಿಳಿ? ಆಯುಷ್ಯ ನೋಡಿ ಆರಿಸು, ಬಣ್ಣ ನೋಡಿ ಅಲ್ಲ. ಬಜರಿಗರ್ ಐದರಿಂದ ಹತ್ತು ವರ್ಷ ಬದುಕೀತು. ಕಾಕಟೀಲ್ ಹದಿನೈದು ಇಪ್ಪತ್ತು. ಆಫ್ರಿಕನ್ ಗ್ರೇ ಸರಿಯಾಗಿ ನೋಡಿಕೊಂಡರೆ ನಲವತ್ತು ದಾಟುತ್ತೆ. ಅಂದರೆ ನಿನ್ನ ಮಗಳಿಗೆ ಉಯಿಲಲ್ಲಿ ಬರೆದಿಡಬೇಕು. ಮಾತಿನ ಆಸೆಗೆ ಗ್ರೇ ಮೇಲೆ ಕಣ್ಣು ಹಾಕಿರುತ್ತೀಯ ಅಂತ ಗೊತ್ತು. ಐರಿನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಅಲೆಕ್ಸ್ ಎಂಬ ಗ್ರೇ ಗಿಳಿಯನ್ನು ಒಂದು ಪೆಟ್ ಅಂಗಡಿಯಿಂದ ತಂದು ಮೂವತ್ತು ವರ್ಷ ಕಲಿಸಿದರು. ಅದು ಬಣ್ಣ, ಆಕಾರ, ಎಣಿಕೆ ಹೇಳುತ್ತಿತ್ತು. ನಮ್ಮ 'ಗಿಳಿಪಾಠ' ಅನ್ನೋ ಬೈಗುಳವೇ ಸುಳ್ಳಾಗುವ ಹಾಗೆ. ಆದರೆ ಅಲೆಕ್ಸ್‌ನ ಸುತ್ತ ಇಡೀ ದಿನ ಜನ ಇರುತ್ತಿದ್ದರು. ಅಂಥ ಬುದ್ಧಿಯ ಪ್ರಾಣಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಹೋದರೆ ಅದು ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತೆ. ಕಾಡಿನಲ್ಲಿ ಗ್ರೇಗಳನ್ನು ಹಿಡಿದೂ ಹಿಡಿದೂ, ಕೊನೆಗೆ 2016ರಲ್ಲಿ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ, ಅಂದರೆ ಅತಿ ಬಿಗಿಯಾದ, ಪಟ್ಟಿಗೆ ಸೇರಿಸಬೇಕಾಗಿ ಬಂತು. ಯಾವ ಗಿಳಿಯೇ ಆಗಲಿ, ಕಾಡಿನಿಂದ ಹಿಡಿದದ್ದಾದರೆ ಅದರ ಹತ್ತಿರವೂ ಸುಳಿಯಬೇಡ. ಸಾಕಲಾಗದೆ ಯಾರೋ ಬಿಟ್ಟುಕೊಡುತ್ತಿರುವ ಗಿಳಿ ಸಿಕ್ಕರೆ ಇನ್ನೂ ಒಳ್ಳೆಯದು. ಮಾತು ಬಂದರೆ ಬಂತು. ಗುಂಡನಿಗೆ ಒಂದು ಪದವೂ ಬರುವುದಿಲ್ಲ. ವಾಷಿಂಗ್ ಮಷೀನ್ ಮುಗಿದಾಗ ಕೂಗುವ ರಾಗವನ್ನು ಮಾತ್ರ ಅಚ್ಚುಕಟ್ಟಾಗಿ ಸಿಳ್ಳೆ ಹಾಕುತ್ತಾನೆ. ಬಟ್ಟೆ ಆಯಿತು ಅಂದುಕೊಂಡು ಎಷ್ಟು ಸಲ ಎದ್ದು ಹೋಗಿದ್ದೇನೋ.

ಊಟದ ವಿಷಯ ಡಾಕ್ಟರ್ ಹೇಳಿದಂತೆ ನಡೆ. ಬರೀ ಕಾಳು ಹಾಕಿದರೆ ಕೊಬ್ಬು ಜಾಸ್ತಿ, ಎ ವಿಟಮಿನ್ ಕಡಿಮೆ. ಪೆಲೆಟ್ (ಹಕ್ಕಿಗೆಂದೇ ತಯಾರಿಸಿದ ಆಹಾರದ ಉಂಡೆ), ಸೊಪ್ಪು, ಕ್ಯಾರೆಟ್ ರೂಢಿ ಮಾಡಿಸು. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ಅದಕ್ಕೆ ವಿಷ, ಚೂರೂ ಕೊಡಬಾರದು.

ಪಂಜರದ ಜೊತೆಗೇ ತರಬೇಕಾದ ಇನ್ನೊಂದು ವಸ್ತು, ಗ್ರಾಂ ಲೆಕ್ಕದಲ್ಲಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ. ಗಿಳಿ ಕಾಯಿಲೆಯನ್ನು ಮುಚ್ಚಿಡುತ್ತೆ. ಕಾಡಿನಲ್ಲಿ ಸೊರಗಿದ ಹಾಗೆ ಕಂಡ ಹಕ್ಕಿಯ ಮೇಲೇ ಗಿಡುಗನ ಕಣ್ಣು. ಕಣ್ಣಿಗೆ ಕಾಣಿಸುವ ಹೊತ್ತಿಗೆ ಬಹಳ ಸಲ ಕೈಮೀರಿರುತ್ತೆ, ಆದರೆ ತೂಕ ಮೊದಲೇ ಹೇಳಿಬಿಡುತ್ತೆ. ತಕ್ಕಡಿ ಮೇಲೊಂದು ತುಂಡು ಕೊಂಬೆ ಕಟ್ಟಿದ್ದೇನೆ. ಬೆಳಿಗ್ಗೆ ಎದ್ದವನೇ ಗುಂಡ ಅದರ ಮೇಲೆ ಹತ್ತಿ, ಜುಟ್ಟು ನೆಟ್ಟಗೆ ಮಾಡಿ ನನ್ನ ಮುಖ ನೋಡುತ್ತಾನೆ. 92. ಮಾರನೇ ದಿನ 91. ಹೋದ ಮಳೆಗಾಲದಲ್ಲಿ ಒಂದು ವಾರಕ್ಕೆ 84ಕ್ಕೆ ಇಳಿದಿದ್ದ, ನೋಡಲು ಎಂದಿನಂತೇ ಇದ್ದ, ಸಿಳ್ಳೆಯೂ ಹೊಡೆಯುತ್ತಿದ್ದ. ತಡಮಾಡದೆ ಡಾಕ್ಟರ್ ಹತ್ತಿರ ಹೊತ್ತುಕೊಂಡು ಹೋದೆ, ಸೋಂಕು ಇತ್ತು, ಔಷಧಕ್ಕೆ ಬಗ್ಗಿತು.

ಬಂದ ಹೊಸದರಲ್ಲಿ ಕೈ ಹಾಕಿ ಹಿಡಿಯಲು ಹೋಗಬೇಡ. ಪಂಜರದ ಪಕ್ಕ ಕೂತು ನಿನ್ನ ಪಾಡಿಗೆ ಪೇಪರ್ ಓದು, ಸ್ವಲ್ಪ ಜೋರಾಗಿ. ಮುಟ್ಟಿಸಿಕೊಳ್ಳುವ ಕಾಲ ಬಂದಾಗ ತಲೆ, ಕತ್ತು ಸವರು ಸಾಕು. ಬೆನ್ನು ಸವರಿದರೆ ಅದು ನಿನ್ನನ್ನು ಜೋಡಿ ಅಂತಲೇ ತಿಳಿದೀತು. ಒಂದು ರಾತ್ರಿ ದೀಪ ಆರಿಸುವಾಗ ಕರಕರ ಅಂತ ಸಣ್ಣ ಸದ್ದು ಕೇಳುತ್ತೆ, ಮರಳಿನ ಮೇಲೆ ಮೆಲ್ಲಗೆ ನಡೆದ ಹಾಗೆ. ಗಾಬರಿಯಾಗಬೇಡ. ನಿದ್ದೆಗೆ ಮುಂಚೆ ಕೊಕ್ಕಿನ ಎರಡು ಭಾಗವನ್ನು ಒಂದಕ್ಕೊಂದು ಉಜ್ಜುವ ಸದ್ದು ಅದು, ನೆಮ್ಮದಿಯಾಗಿದ್ದಾಗ ಮಾತ್ರ ಮಾಡುತ್ತೆ. ಗುಂಡ ಅದನ್ನು ಕೇಳಿಸಲು ಐದು ವಾರ ತೆಗೆದುಕೊಂಡ.

ಸದ್ಯಕ್ಕೆ ಎರಡು ಕೆಲಸ ಮಾಡು. ಹಕ್ಕಿ ನೋಡುವ ಡಾಕ್ಟರ್ ನಂಬರ್ ಹುಡುಕಿ ಫ್ರಿಜ್ಜಿಗೆ ಅಂಟಿಸು. ಆ ಬಾಣಲೆಗೊಂದು ಗತಿ ಕಾಣಿಸು, ನನಗಂತೂ ಕೊಡಬೇಡ, ನಮ್ಮ ಮನೆಯಲ್ಲೂ ಹಕ್ಕಿ ಇದೆ. ಖಾಲಿ ಪಂಜರ ಯಾವ ಗೋಡೆ ಪಕ್ಕ ಇಟ್ಟೆ ಅಂತ ಒಂದು ಫೋಟೊ ಕಳಿಸು.

ನಿನ್ನವ