ದಾಸವಾಳ ಕಾಂಪೌಂಡ್ ದಾಟಿದವರಿಗೆ

ದಾಸವಾಳ ಕಾಂಪೌಂಡ್ ಗೋಡೆಗಿಂತ ಎತ್ತರ ಹೋಗಿದೆ, ಕತ್ತರಿಸಬಹುದಾ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ನೆಲಕ್ಕೆ ಹಾಕಿದರೆ ದಾಸವಾಳ 8-10 ಅಡಿ ಬೆಳೆಯುವ ಗಿಡವೇ, ಸುಮ್ನೆ ಬಿಟ್ಟರೆ ಇನ್ನೂ ಜಾಸ್ತಿ. ಕತ್ತರಿಸಲು ಹೆದರಬೇಡಿ. ಹೂ ಬರುವುದು ಹೊಸ ಚಿಗುರಿನಲ್ಲಿ ಅಲ್ವಾ, ಹಾಗಾಗಿ ಫೆಬ್ರವರಿ ಕೊನೆಗೆ ಮೂರನೇ ಒಂದು ಭಾಗ ತೆಗೆದರೂ ಮಳೆಗಾಲದ ಹೊತ್ತಿಗೆ ಗಿಡ ತುಂಬಿಕೊಳ್ಳುತ್ತದೆ. ಹೊರಗೆ ಮುಖ ಮಾಡಿದ ಗೆಣ್ಣು ನೋಡಿ, ಅದರ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ಕೊಂಬೆಗಳೆಲ್ಲ ಒಳಗೇ ನುಗ್ಗಿ, ಗಾಳಿಯಾಡದೆ, ಬಿಳಿ ಹಿಟ್ಟಿನಂಥ ಹುಳ ಕೂರುತ್ತವೆ. ಹೋದ ವರ್ಷ ನಾನು ಪಾಪ ಅಂತ ಬರೀ ತುದಿ ಚಿವುಟಿದೆ, ಈಗ ದೇವರ ಹೂವಿಗೆ ಸ್ಟೂಲ್ ಹತ್ತಬೇಕು! ಕುಂಡದಲ್ಲಿದ್ದರೆ 4 ಅಡಿಗೆ ನಿಲ್ಲಿಸಬಹುದು. ಕತ್ತರಿಸಿದ್ದನ್ನು ಎಸೆಯಬೇಡಿ, ಬಿಳಿ ದಾಸವಾಳದ ಕಡ್ಡಿ ಇದ್ದರೆ ನನಗೊಂದು ಎತ್ತಿಡಿ.