ಸ್ಕ್ಯಾಗ್ವೇ ಪ್ಲಾಟ್‌ಫಾರ್ಮಿನ ಆ ಹಿರಿಯರಿಗೆ

ಅಲಾಸ್ಕಾದ ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ಬೆಟ್ಟದ ರೈಲು ಹತ್ತುವ ಮುಂಚೆ ನಮ್ಮನ್ನು ತಡೆದು ಪ್ರಯಾಣದ ಬಗ್ಗೆ ಹತ್ತು ನಿಮಿಷ ವಿವರಿಸಿದಿರಿ. ಹೆಸರು ಕೇಳುವುದೇ ಮರೆತುಹೋಯಿತು. ನಿಮಗೆ ಅನಂತ ಧನ್ಯವಾದಗಳು.

1900ರಲ್ಲಿ ಮುಗಿದ, ಮೂರೇ ಅಡಿ ಅಗಲದ ಈ ಹಳಿ ಸುಮಾರು 32 ಕಿ.ಮೀ.ಯಲ್ಲಿ 870 ಮೀಟರಿನಷ್ಟು ಏರುತ್ತದೆ. ಏರುವಾಗ ಕಣಿವೆ ಎಡಕ್ಕೆ. ಬಲಕ್ಕೆ ಕೂತವರಿಗೆ ಹೆಚ್ಚಾಗಿ ಬಂಡೆಯೇ ದರ್ಶನ. ತುದಿಯಿಂದ ಹಿಂದಿರುಗುವ ರೈಲಾದರೆ ಅಲ್ಲಿ ಸೀಟು ಅದಲುಬದಲು ಮಾಡಿಸುತ್ತಾರೆ, ಚಿಂತೆಯಿಲ್ಲ. ಫ್ರೇಸರ್‌ವರೆಗಿನ ಟಿಕೆಟ್ ಮಾತ್ರ ಬೇರೆ: ಅದು ಕೆನಡಾ. ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು, ಅಮೆರಿಕದ ವೀಸಾ ಮತ್ತೆ ಒಳಬರಲು ಬಿಡುವಂತಿರಬೇಕು. ಗಡಿ ಬಳಿ ಫೋನಿನ ಸಮಯ ಒಂದು ಗಂಟೆ ಮುಂದಕ್ಕೆ ಹಾರಬಹುದು. ನಮ್ಮ ಪ್ರವಾಸಿ ಹಡಗಿನ ಸಮಯಕ್ಕೆ ಕೈಗಡಿಯಾರವೇ ಗತಿ.

ಹಿಮನದಿಗಳ ಕೊಲ್ಲಿ ಗ್ಲೇಸಿಯರ್ ಬೇ ಬಗ್ಗೆ ನೀವು ಹೇಳಿದ್ದಂತೂ ಲಕ್ಷ ರೂಪಾಯಿ ಮಾತು. ಹಿಮನದಿ ಒಡೆಯುವುದು ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ. 400 ಮೀಟರ್ ದೂರದಲ್ಲೇ ಸದ್ದು ಒಂದು ಸೆಕೆಂಡಿಗಿಂತ ತಡ. ಗುಡುಗಿದತ್ತ ತಿರುಗಿದರೆ ಬರೀ ಅಲೆ ಕಾಣುತ್ತದೆ. ಸಣ್ಣ ಚೂರು ಉದುರುವ ಜಾಗಕ್ಕೇ ಕಣ್ಣು ನೆಡಬೇಕು. ಮಾರ್ಜರಿ ಹಿಮನದಿ ಎದುರು ಹಡಗು ತಾನೇ ತಿರುಗುತ್ತದೆ, ಹಾಗಾಗಿ ಓಡಾಟ ಬೇಡ. ಕೈಗವಸು ಬೇಕೇ ಬೇಕು, ಜುಲೈಯಲ್ಲೂ.